ಹೆಜ್ಜೆಗಿಂತ ಮೊದಲು ಮಿಡಿತ: ಸ್ವಿಂಗ್ ಮತ್ತು ಬ್ಲೂಸ್ ನೃತ್ಯ ಕಲಿಯುವವರಿಗೆ, ಕಲಿಸುವವರಿಗೆ

ಜ್ಯಾಝ್ ಸಂಗೀತಕ್ಕೆ ಜೋಡಿಯಾಗಿ ಕುಣಿಯುವ ಅಮೆರಿಕದ ಸ್ವಿಂಗ್ ನೃತ್ಯವನ್ನು ನಾನು ಕಲಿಯಲು ಶುರುಮಾಡಿ ನಾಲ್ಕೈದು ತಿಂಗಳಾಗಿತ್ತು. ಹದಿನೈದಿಪ್ಪತ್ತು ಮೂವ್‌ಗಳು ಬಾಯಿಪಾಠವಾಗಿದ್ದವು. ಹಾಡು ಶುರುವಾದರೆ ಸಾಕು, ಮಗ್ಗಿ ಒಪ್ಪಿಸಿದ ಹಾಗೆ ಒಂದಾದ ಮೇಲೊಂದು ಒಪ್ಪಿಸುತ್ತಿದ್ದೆ. ಒಂದು ಸಂಜೆ ನನ್ನ ಜೊತೆ ಕುಣಿದವರೊಬ್ಬರು ಹಾಡು ಮುಗಿದ ಮೇಲೆ ಬಲಭುಜವನ್ನು ಮೆಲ್ಲಗೆ ತಿರುಗಿಸಿಕೊಂಡು, ಎಡಗೈಯಿಂದ ಒತ್ತಿಕೊಂಡರು. ಏನೂ ಹೇಳಲಿಲ್ಲ. ನಕ್ಕು, ಥ್ಯಾಂಕ್ಸ್ ಹೇಳಿ ಹೋದರು. ಆ ಭುಜ ನೊಂದಿದ್ದು ನನ್ನ ಕೈಯಿಂದ. ಮೂರು ನಿಮಿಷ ಪೂರ್ತಿ ನಾನು ಅವರನ್ನು ಎಳೆದಾಡಿದ್ದೆ. ಹಾಡು ಯಾವುದಿತ್ತು ಎಂದು ಯಾರಾದರೂ ಕೇಳಿದ್ದರೆ ಹೇಳಲು ನನಗೆ ಬರುತ್ತಿರಲಿಲ್ಲ.

ಮರುವಾರದಿಂದ ಮೂವ್‌ಗಳನ್ನೆಲ್ಲ ಬದಿಗಿಟ್ಟು, ನಿಂತಲ್ಲೇ ಮಂಡಿ ಸಡಿಲಿಸಿ ಹಾಡು ಕೇಳುವುದರಿಂದ ಮತ್ತೆ ಶುರುಮಾಡಿದೆ. ಈಗ ಕಲಿಸುವಾಗಲೂ ಅಲ್ಲಿಂದಲೇ ಹೊರಡುತ್ತೇನೆ. ಮುಂದಿನ ಹಂತಗಳು ಅದೇ ಕ್ರಮದಲ್ಲಿವೆ. ದಯವಿಟ್ಟು ಮಧ್ಯದಿಂದ ಶುರುಮಾಡಬೇಡಿ.

ಮೊದಲು ಕಿವಿ

ಒಂದು ವಾರ ಕಾಲು ಎತ್ತಬೇಡಿ, ಬರೀ ಕೇಳಿ. ಜ್ಯಾಝ್ ಬ್ಯಾಂಡ್ ನಡೆಸಿದ ಕೌಂಟ್ ಬೇಸೀ, ಡ್ಯೂಕ್ ಎಲಿಂಗ್ಟನ್, ಚಿಕ್ ವೆಬ್ ಇವರ 1930ರ ದಶಕದ ರೆಕಾರ್ಡಿಂಗ್‌ಗಳು ಸಾಕು. ಈ ಸಂಗೀತ ನುಡಿಸುತ್ತಿದ್ದುದೇ ಕುಣಿಯುವವರಿಗಾಗಿ. ಬೀಟ್ ಎಲ್ಲೂ ಮರೆಯಾಗುವುದಿಲ್ಲ.

ಕೇಳುವಾಗ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ, ಎರಡಕ್ಕೂ ನಾಲ್ಕಕ್ಕೂ ಚಪ್ಪಾಳೆ ತಟ್ಟಿ. ಹೆಚ್ಚಿನವರ ಕೈ ತಾನಾಗಿ ಒಂದಕ್ಕೂ ಮೂರಕ್ಕೂ ಬೀಳುತ್ತದೆ. ಅದನ್ನು ಎರಡು–ನಾಲ್ಕಕ್ಕೆ ಸರಿಸಿದ ಕೂಡಲೇ ಹಾಡು ಹಗುರಾಗಿ ತೂಗತೊಡಗುತ್ತದೆ. ಇದು ಸುಲಭವಾಗುವವರೆಗೆ ಮುಂದೆ ಹೋಗಬೇಡಿ.

ಇನ್ನು ಸ್ವಿಂಗ್ ಎಂಬ ತೂಗಾಟ ಬರುವುದು ಎಲ್ಲಿಂದ? ಒಂದು ಬೀಟನ್ನು ಸರಿಸಮ ಎರಡು ಪಾಲು ಮಾಡಿದರೆ ಕವಾಯತಿನ ನಡಿಗೆಯಾಗುತ್ತದೆ. ಸ್ವಿಂಗ್‌ನಲ್ಲಿ ಮೊದಲ ಪಾಲು ಉದ್ದ, ಎರಡನೆಯದು ಗಿಡ್ಡ. ಬಾಯಲ್ಲಿ ‘ತಕಿಟ ತಕಿಟ’ ಎಂದು ಹೇಳಿಕೊಳ್ಳಿ. ಈಗ ನಡುವಿನ ‘ಕಿ’ಯನ್ನು ನುಂಗಿ, ಅದರ ಜಾಗ ಮಾತ್ರ ಹಾಗೇ ಇರಲಿ: ‘ತ…ಟ, ತ…ಟ’. ಇಷ್ಟೇ. ವೇಗದ ಹಾಡುಗಳಲ್ಲಿ ಈ ಉದ್ದ–ಗಿಡ್ಡದ ಅಂತರ ಕಮ್ಮಿಯಾಗುತ್ತದೆ, ನಿಧಾನದ ಹಾಡುಗಳಲ್ಲಿ ಢಾಳಾಗಿ ಕೇಳುತ್ತದೆ. ಪುಸ್ತಕದ ವಿವರಣೆಗಿಂತ ಈ ಬಾಯಿಲೆಕ್ಕ ಬೇಗ ಕಾಲಿಗಿಳಿಯುತ್ತದೆ.

ಬ್ಲೂಸ್ ಹಾಡಾದರೆ ಇನ್ನೊಂದು ಲೆಕ್ಕವನ್ನೂ ಕಿವಿ ಹಿಡಿಯಬೇಕು. ಬಹುಪಾಲು ಬ್ಲೂಸ್ 12 ಬಾರ್‌ಗಳ ಸುತ್ತು. ಬಾರ್ ಎಂದರೆ ನಾಲ್ಕು ಬೀಟಿನ ಒಂದು ಗುಂಪು. ಹಾಡುಗಾರರು ಒಂದು ಸಾಲು ಹೇಳುತ್ತಾರೆ, ಅದನ್ನೇ ಮತ್ತೆ ಹೇಳುತ್ತಾರೆ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಪ್ರತಿ ಸಾಲಿಗೂ ನಾಲ್ಕು ಬಾರ್. ಮೊದಲರ್ಧದಲ್ಲಿ ಮಾತು, ಉಳಿದರ್ಧದಲ್ಲಿ ಗಿಟಾರೋ ಪಿಯಾನೋವೋ ಕೊಡುವ ಮಾರುತ್ತರ. ಕುಣಿಯುವವರಿಗೆ ಆ ಮಾರುತ್ತರದ ಜಾಗವೇ ಚಿನ್ನ.

ಮಿಡಿತ

ಪಾದಗಳನ್ನು ಸೊಂಟದಷ್ಟು ಅಗಲಕ್ಕೆ ಇಟ್ಟು ನಿಲ್ಲಿ. ಮಂಡಿಯ ಬೀಗ ತೆಗೆಯಿರಿ. ಸೊಂಟದಿಂದ ತುಸು ಮುಂದಕ್ಕೆ ಬಾಗಿ, ಚೆಂಡು ಹಿಡಿಯಲು ಸಜ್ಜಾದವರ ಹಾಗೆ. ಭಾರ ಹಿಮ್ಮಡಿಯಲ್ಲಿ ಕೂತಿರಬಾರದು, ಪಾದದ ಮುಂಭಾಗಕ್ಕೆ ಬರಬೇಕು. ಹಾಡು ಹಾಕಿ, ಪ್ರತಿ ಬೀಟಿಗೂ ಮೈ ಕೆಳಗಿಳಿಯಲಿ. ಮೇಲಕ್ಕೆ ಜಿಗಿಯುವುದಲ್ಲ, ಕೆಳಗೆ ಬಿಡುವುದು. ಮೇಲೆ ಬರುವುದು ತಾನಾಗಿ ಆಗುತ್ತದೆ. ಭುಜ, ಕತ್ತು ಸುಮ್ಮನಿರಲಿ.

ಇದೇ ಮಿಡಿತದಲ್ಲಿ ಕೋಣೆಯ ತುಂಬ ನಡೆದಾಡಿ. ಬೀಟಿಗೊಂದು ಹೆಜ್ಜೆ. ಆಮೇಲೆ ಎರಡು ಬೀಟಿಗೊಂದು. ಆಮೇಲೆ ಹಿಂದಕ್ಕೆ, ಪಕ್ಕಕ್ಕೆ. ಎಲ್ಲಿ ಬೇಕಾದರೂ ನಿಂತು, ನಿಂತಾಗಲೂ ಮಿಡಿತ ಉಳಿದಿದೆಯೇ ನೋಡಿ. ಈ ನಡಿಗೆ ನಿಮ್ಮದಾದರೆ ಅರ್ಧ ಕುಣಿತ ಬಂದ ಹಾಗೆ. ದಿನಕ್ಕೆ ಹತ್ತು ನಿಮಿಷ ಸಾಕು, ದಿನ ತಪ್ಪಬಾರದು ಅಷ್ಟೇ.

ಒಂಟಿಯಾಗಿ ಆರೆಣಿಕೆ

ಈಗ ಹೆಜ್ಜೆ. ಮೊದಲ ಪಾಠ ಸಾಮಾನ್ಯವಾಗಿ ಆರೆಣಿಕೆಯದು: ರಾಕ್ ಸ್ಟೆಪ್, ಟ್ರಿಪಲ್ ಸ್ಟೆಪ್, ಟ್ರಿಪಲ್ ಸ್ಟೆಪ್. ಲೀಡ್ ಮಾಡುವವರು, ಅಂದರೆ ಜೋಡಿಯಲ್ಲಿ ಚಲನೆ ಶುರುಮಾಡುವವರು, ಒಂದಕ್ಕೆ ಎಡಗಾಲನ್ನು ಹಿಂದಿಟ್ಟು, ಎರಡಕ್ಕೆ ಬಲಗಾಲಿನ ಮೇಲೆ ಭಾರ ವಾಪಸ್ ತರುತ್ತಾರೆ. ಮೂರು–ನಾಲ್ಕರಲ್ಲಿ ಎಡ–ಬಲ–ಎಡ, ಐದು–ಆರರಲ್ಲಿ ಬಲ–ಎಡ–ಬಲ. ಆ ಚಲನೆಯನ್ನು ಹಿಂಬಾಲಿಸುವ, ಅಂದರೆ ಫಾಲೋ ಮಾಡುವವರದು ಕನ್ನಡಿಯಲ್ಲಿ ಕಂಡ ಹಾಗೆ, ಬಲಗಾಲಿನಿಂದ ಶುರು.

ಟ್ರಿಪಲ್ ಸ್ಟೆಪ್ ಎಂದರೆ ಎರಡು ಬೀಟಿನೊಳಗೆ ಮೂರು ಸಲ ಭಾರ ಬದಲಿಸುವುದು. ಇಲ್ಲೇ ಆ ‘ತ…ಟ’ ಕೆಲಸಕ್ಕೆ ಬರುತ್ತದೆ: ‘ತ…ಟ ತ’. ಮೂರೂ ಹೆಜ್ಜೆ ಸಮವಾಗಿ ಬಿದ್ದರೆ ಕುದುರೆ ಓಡಿದ ಹಾಗಾಗುತ್ತದೆ. ಹೆಜ್ಜೆ ಚಿಕ್ಕದಿರಲಿ, ಒಂದು ಪಾದದ ಅಗಲಕ್ಕಿಂತ ಹೆಚ್ಚು ಸರಿಯುವ ಅಗತ್ಯವಿಲ್ಲ. ಸುಸ್ತಾಗುತ್ತಿದೆ, ಹಿಂದೆ ಬೀಳುತ್ತಿದ್ದೇನೆ ಎನ್ನುವವರಲ್ಲಿ ಬಹಳಷ್ಟು ಜನರ ತೊಂದರೆ ಉದ್ದ ಹೆಜ್ಜೆಯದೇ. ಇನ್ನೊಂದು ಪರೀಕ್ಷೆ: ಯಾವ ಹೆಜ್ಜೆಯಲ್ಲಿ ಬೇಕಾದರೂ ನಿಂತು ಇನ್ನೊಂದು ಕಾಲನ್ನು ಎತ್ತಿ ನೋಡಿ. ಎತ್ತಲಾಗದಿದ್ದರೆ ಭಾರ ಪೂರ್ತಿ ಹೋಗಿಲ್ಲ. ಮುಂದಿನ ಹೆಜ್ಜೆ ತಡವಾಗುವುದು ಅಲ್ಲಿಂದಲೇ.

ಆರೆಣಿಕೆಯ ಹೆಜ್ಜೆ, ಎರಡೆರಡು ಬಾರ್ ಸೇರಿದ ಎಂಟೆಣಿಕೆಯ ಸಂಗೀತ. ತಾಳೆಯಾಗುತ್ತಿಲ್ಲವಲ್ಲ ಎಂದು ಹೊಸಬರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಬೀಟ್ ಎರಡೆರಡಾಗಿ ಜೋಡಿಯಾಗಿಯೇ ಇರುತ್ತದೆ, ನಿಮ್ಮ ರಾಕ್ ಸ್ಟೆಪ್ ಯಾವ ಜೋಡಿಯ ಮೇಲೆ ಬಿದ್ದರೂ ಸರಿಯೇ. 12 ಬಾರ್‌ಗಳ ಸುತ್ತಿನಲ್ಲಿ ಒಂದು ಸೊಗಸಿದೆ: ಅದರಲ್ಲಿ 48 ಬೀಟ್. ಎಂಟೆಣಿಕೆಯಾದರೆ ಆರು ಸಲ, ಆರೆಣಿಕೆಯಾದರೆ ಎಂಟು ಸಲ ಹಿಡಿಯುತ್ತದೆ. ಎರಡೂ ಕೊನೆಯಲ್ಲಿ ಒಂದೇ ಕಡೆ ಬಂದು ಕೂಡುತ್ತವೆ. ನಿಧಾನದ ಹಾಡೊಂದನ್ನು ಹಾಕಿ, ಆರೆಣಿಕೆಯನ್ನು ಬಿಡದೆ ಎಂಟು ಸಲ ಮಾಡಿ. ಒಂಬತ್ತನೆಯದು ಸರಿಯಾಗಿ ಹೊಸ ಸುತ್ತಿನ ಮೊದಲ ಬೀಟಿಗೆ ಬಿದ್ದಾಗ ಆಗುವ ಖುಷಿಯನ್ನು ನೀವೇ ಅನುಭವಿಸಬೇಕು.

ಇದರ ಜೊತೆಗೇ ಚಾರ್ಲ್‌ಸ್ಟನ್ ಕಲಿಯಿರಿ. 1920ರ ದಶಕದಲ್ಲಿ ಅಮೆರಿಕವನ್ನೆಲ್ಲ ಕುಣಿಸಿದ ಹೆಜ್ಜೆ ಅದು. ಒಂಟಿಯಾಗಿಯೂ ಜೋಡಿಯಾಗಿಯೂ ಆಗುತ್ತದೆ, ವೇಗದ ಹಾಡಿನಲ್ಲಿ ಟ್ರಿಪಲ್ ಸ್ಟೆಪ್ ಕೈಕೊಟ್ಟಾಗ ಕಾಪಾಡುತ್ತದೆ.

ಕೈ ಹಿಡಿಯುವುದು

ನನ್ನ ಪ್ರಕಾರ ಕಷ್ಟದ ಪಾಠ ಇದೊಂದೇ. ಬರೆದು ತಿಳಿಸುವುದಕ್ಕಿಂತ ಮಾಡಿ ನೋಡಬೇಕಾದದ್ದು.

ಎದುರುಬದುರು ನಿಂತು, ಲೀಡ್ ಮಾಡುವವರು ಅಂಗೈ ಮೇಲೆ ಮಾಡಿ ಬೆರಳುಗಳನ್ನು ಕೊಕ್ಕೆಯಂತೆ ಬಾಗಿಸಿ ಕೊಡಲಿ. ಫಾಲೋ ಮಾಡುವವರು ಅದರ ಮೇಲೆ ತಮ್ಮ ಬೆರಳುಗಳನ್ನು ಬಾಗಿಸಿ ಇಡಲಿ. ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದು ಬೇಡವೇ ಬೇಡ. ಹೆಬ್ಬೆರಳು ಬಿಗಿಯಾದರೆ ಮಣಿಕಟ್ಟು ಬಿಗಿಯುತ್ತದೆ, ಅಲ್ಲಿಂದ ಮೊಣಕೈ, ಅಲ್ಲಿಂದ ಭುಜ. ಈಗ ಇಬ್ಬರೂ ಒಂದಿಂಚು ಹಿಂದಕ್ಕೆ ಸರಿಯಿರಿ, ತೋಳಿನಿಂದಲ್ಲ, ಹೊಟ್ಟೆಯ ನಡುಭಾಗದಿಂದ. ತೋಳಿನಲ್ಲಿ ಸಣ್ಣ ಸೆಳೆತ ಹುಟ್ಟುತ್ತದೆ. ನೀರು ತುಂಬಿದ ಕೊಡವನ್ನಲ್ಲ, ಖಾಲಿ ಬುಟ್ಟಿಯನ್ನು ಹಿಡಿದಷ್ಟು ಭಾರ. ಈಗ ಅಂಗೈಗೆ ಅಂಗೈ ಕೊಟ್ಟು ಅಷ್ಟೇ ಪ್ರಮಾಣದಲ್ಲಿ ಮುಂದಕ್ಕೆ ಬನ್ನಿ, ಸೆಳೆತದ ಬದಲು ಒತ್ತು. ಸ್ವಿಂಗ್ ಜೋಡಿಯ ಮಾತುಕತೆ ನಡೆಯುವುದು ಈ ಎರಡರ ಮೂಲಕ.

ಒಬ್ಬರು ಕಣ್ಣು ಮುಚ್ಚಿ, ಇನ್ನೊಬ್ಬರು ಕೈ ಅಲುಗಿಸದೆ ಬರೀ ನಡೆಯಲಿ. ಮೈ ಹೋದರೆ ಕೈ ಹೋಗುತ್ತದೆ, ಕೈ ಹೋದರೆ ಎದುರಿನವರು ಬರುತ್ತಾರೆ. ಐದು ನಿಮಿಷದ ನಂತರ ಪಾತ್ರ ಬದಲಿಸಿ. ಲೀಡ್ ಎಂದರೆ ಅಪ್ಪಣೆ ಕೊಡುವುದಲ್ಲ, ದಾರಿ ತೋರಿಸಿ ಕಾಯುವುದು. ಫಾಲೋ ಎಂದರೆ ಊಹಿಸಿ ಮುಂಚೆಯೇ ಓಡುವುದಲ್ಲ, ಶುರುವಾದ ಚಲನೆಯನ್ನು ತನ್ನ ಲಯದಲ್ಲಿ ಮುಗಿಸುವುದು. ಗಂಡಸರೇ ಲೀಡ್, ಹೆಂಗಸರೇ ಫಾಲೋ ಎಂಬ ಕಟ್ಟಳೆ ಬೇಕಿಲ್ಲ. ಎರಡನ್ನೂ ಕಲಿತವರ ಕೈ ಬೇಗ ಹಗುರಾಗುತ್ತದೆ.

ಸ್ವಿಂಗ್‌ಔಟ್

ಸ್ವಿಂಗ್ ನೃತ್ಯಗಳಲ್ಲೊಂದಾದ ಲಿಂಡಿ ಹಾಪ್‌ನ ಹೃದಯ ಈ ಮೂವ್. 1920ರ ದಶಕದ ಕೊನೆಗೆ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ, ಆಫ್ರಿಕನ್ ಅಮೆರಿಕನ್ ಯುವಜನರ ನಡುವೆ ಈ ನೃತ್ಯ ಹುಟ್ಟಿತು. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿ ಹಾರಿದ ಸುದ್ದಿಯಿಂದ ಅದಕ್ಕೆ ಹೆಸರು ಬಂತೆಂದು ಹೇಳುತ್ತಾರೆ. ಲೆನಾಕ್ಸ್ ಅವೆನ್ಯೂನಲ್ಲಿ 1926ರ ಮಾರ್ಚ್ 12ರಂದು ತೆರೆದ ಸವಾಯ್ ಬಾಲ್‌ರೂಮ್ ಅದರ ತವರುಮನೆಯಾಯಿತು. ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯಬಹುದಾದ ಜಾಗ ಆ ಕಾಲದ ಅಮೆರಿಕದಲ್ಲಿ ಅಪರೂಪ, ಸವಾಯ್ ಅಂಥದ್ದಾಗಿತ್ತು. ಎರಡು ವೇದಿಕೆಗಳಿದ್ದುದರಿಂದ ಒಂದು ಬ್ಯಾಂಡ್ ನಿಂತರೆ ಇನ್ನೊಂದು ಶುರು, ಸಂಗೀತ ನಿಲ್ಲುತ್ತಲೇ ಇರಲಿಲ್ಲ.

ಸ್ವಿಂಗ್‌ಔಟ್ ಎಂಟೆಣಿಕೆಯದು. ಒಂದು–ಎರಡು: ಲೀಡ್ ರಾಕ್ ಸ್ಟೆಪ್ ಮಾಡುತ್ತಾರೆ, ಫಾಲೋ ನಡೆದು ಮುಂದೆ ಬರುತ್ತಾರೆ. ಮೂರು–ನಾಲ್ಕು: ಟ್ರಿಪಲ್ ಸ್ಟೆಪ್‌ನಲ್ಲಿ ಲೀಡ್ ಪಕ್ಕಕ್ಕೆ ತಿರುಗಿ, ಬಲಗೈಯನ್ನು ಫಾಲೋ ಬೆನ್ನಿನ ಹಿಂದೆ ತಂದು ಬರಮಾಡಿಕೊಳ್ಳುತ್ತಾರೆ. ಐದು–ಆರು: ಇಬ್ಬರೂ ಒಟ್ಟಾಗಿ ತಿರುಗುತ್ತಾರೆ, ಬೆನ್ನಿನ ಕೈ ಬಿಡುತ್ತದೆ. ಏಳು–ಎಂಟು: ಫಾಲೋ ಹೊರಗೆ, ಟ್ರಿಪಲ್ ಸ್ಟೆಪ್‌ನಲ್ಲಿ ಮತ್ತೆ ಅದೇ ಸೆಳೆತ. ಇಬ್ಬರೂ ಹೆಚ್ಚುಕಡಿಮೆ ಹೊರಟ ಜಾಗಕ್ಕೇ ಬಂದಿರುತ್ತಾರೆ.

ಓದಿದರೆ ನಾಲ್ಕು ಸಾಲು. ಕಲಿಯಲು ತಿಂಗಳುಗಳು, ತಿದ್ದಿಕೊಳ್ಳಲು ವರ್ಷಗಳು. ಎಡವುವುದು ಹೆಚ್ಚಾಗಿ ನಾಲ್ಕರಲ್ಲಿ: ಲೀಡ್ ಪೂರ್ತಿ ತಿರುಗದೆ ಫಾಲೋ ದಾರಿಗೆ ಅಡ್ಡ ನಿಂತಿರುತ್ತಾರೆ, ಆಮೇಲೆ ಐದರಲ್ಲಿ ತೋಳಿನಿಂದ ತಳ್ಳಿ ಸರಿಮಾಡಲು ನೋಡುತ್ತಾರೆ. ಕೈಬಿಟ್ಟು, ಫಾಲೋ ಹೋಗಬೇಕಾದ ದಾರಿಯನ್ನು ಲೀಡ್ ತಾವೇ ಒಮ್ಮೆ ನಡೆದು ನೋಡಿದರೆ ಅಡ್ಡ ಎಲ್ಲಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಒಬ್ಬರನ್ನೊಬ್ಬರು ಮುಟ್ಟದೆಯೂ ಎಂಟೆಣಿಕೆ ಕುಣಿದು ಅಭ್ಯಾಸ ಮಾಡಿ. ನಿಮಿಷಕ್ಕೆ 120ರಿಂದ 140 ಬೀಟಿನ ಹಾಡು ಮೊದಲಿಗೆ ಹಿತ. ತೀರಾ ನಿಧಾನ ಮಾಡಿದರೆ ತಿರುಗುವ ವೇಗವೇ ಸತ್ತುಹೋಗಿ ಇನ್ನೂ ಕಷ್ಟವಾಗುತ್ತದೆ.

ಹಾರುವ, ಎತ್ತಿ ತಿರುಗಿಸುವ ಏರ್ ಸ್ಟೆಪ್‌ಗಳನ್ನು ಕಂಡು ಈ ಕುಣಿತಕ್ಕೆ ಮನಸೋತವರು ಬಹಳ. 1930ರ ದಶಕದ ನಡುವೆ ಸವಾಯ್‌ನ ನೃತ್ಯಗಾರ ಫ್ರ್ಯಾಂಕಿ ಮ್ಯಾನಿಂಗ್ ಅವುಗಳನ್ನು ಲಿಂಡಿ ಹಾಪ್‌ಗೆ ತಂದರು. ಅವು ಪ್ರದರ್ಶನಕ್ಕೆ, ಸ್ಪರ್ಧೆಗೆ. ಮೆತ್ತೆಯ ಮೇಲೆ, ಹಿಡಿಯುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಗೊತ್ತಿರುವ ಜೋಡಿಯ ಜೊತೆ ಕಲಿಯಬೇಕಾದವು. ಎಲ್ಲರೂ ಕುಣಿಯುವ ನೆಲದಲ್ಲಿ ಒಂದೇ ಒಂದು ಸಲವೂ ಬೇಡ.

ಬ್ಲೂಸ್‌ಗೆ ಬಂದಾಗ

ನಿಧಾನದ ಹಾಡಿಗೆ ಲಿಂಡಿ ಹಾಪ್ ಕುಣಿದರೆ ಬ್ಲೂಸ್ ಆಗುವುದಿಲ್ಲ. ಅಪ್ಪಿಕೊಂಡು ತೂಗಾಡಿದರೂ ಆಗುವುದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಆಫ್ರಿಕನ್ ಅಮೆರಿಕನ್ ಜನರ ಮನೆಗಳಲ್ಲಿ, ಜೂಕ್ ಜಾಯಿಂಟ್ ಎಂಬ ಪುಟ್ಟ ಮೋಜಿನ ತಾಣಗಳಲ್ಲಿ ಬೆಳೆದ ಕುಣಿತಗಳ ಕುಟುಂಬ ಇದು. ಜನ ದಕ್ಷಿಣ ಬಿಟ್ಟು ಶಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್‌ಗಳಿಗೆ ವಲಸೆ ಹೋದಾಗ ಸಂಗೀತದ ಜೊತೆ ಕುಣಿತವೂ ಹೋಯಿತು. ಹಾರ್ಲೆಮ್‌ನಲ್ಲಿ ಬಾಡಿಗೆ ಕಟ್ಟಲು ದುಡ್ಡು ಕೂಡಿಸುವ ರೆಂಟ್ ಪಾರ್ಟಿಗಳು ನಡೆಯುತ್ತಿದ್ದವು, ಕಿಕ್ಕಿರಿದ ಕೋಣೆ, ಕಾಲಿಡಲು ಜಾಗವಿಲ್ಲ. ಸ್ಲೋ ಡ್ರ್ಯಾಗ್ ಎಂಬ ಬ್ಲೂಸ್ ಕುಣಿತದ ಹೆಜ್ಜೆ ಯಾಕೆ ಅಷ್ಟು ಚಿಕ್ಕದು ಎಂಬುದು ಆ ಕೋಣೆಯನ್ನು ಕಲ್ಪಿಸಿಕೊಂಡರೆ ತಾನಾಗಿ ತಿಳಿಯುತ್ತದೆ.

ಅಭ್ಯಾಸ ಹೀಗಿರಲಿ. ಮಂಡಿ ಸ್ವಿಂಗ್‌ಗಿಂತ ಇನ್ನೂ ಸ್ವಲ್ಪ ಇಳಿಯಲಿ. ಒಂದು ಕಾಲಿಗೆ ಭಾರ ಬಿಡಿ, ಪೂರ್ತಿ ಬಿಡಿ, ಆ ಕಡೆಯ ಸೊಂಟ ಇಳಿಯುವವರೆಗೆ. ಬೀಟ್ ಬಂದ ಕೂಡಲೇ ಕಾಲನ್ನು ಊರಿ ಮುಗಿಸಬೇಡಿ, ಬೀಟಿನ ಉದ್ದಕ್ಕೂ ಭಾರ ಹರಿಯಲಿ. ಮಿಡಿತ ನಿಲ್ಲಬಾರದು, ಆದರೆ ಹೊರಗೆ ಕುಪ್ಪಳಿಸಿದಂತೆ ಕಾಣಬಾರದು. ಇದಾದ ಮೇಲೆ ಸುಮ್ಮನೆ ನಿಲ್ಲುವುದನ್ನು ಕಲಿಯಿರಿ. ಹಾಡಿನ ಸಾಲು ಹೇಳುವಾಗ ನಿಂತು, ಗಿಟಾರ್ ಮಾರುತ್ತರ ಕೊಡುವಾಗ ಮಾತ್ರ ಕದಲಿ. ಮರುಸುತ್ತಿನಲ್ಲಿ ಅದಲುಬದಲು ಮಾಡಿ. ನಿಲ್ಲಲು ಧೈರ್ಯ ಬೇಕು, ಹೊಸಬರಿಗೆ ಅದು ತಪ್ಪು ಮಾಡಿದಂತೆ ಅನಿಸುತ್ತದೆ.

ಜೋಡಿಯಾಗಿ ನಿಂತಾಗ ಇಬ್ಬರೂ ತಂತಮ್ಮ ಕಾಲ ಮೇಲೇ ನಿಂತಿರಬೇಕು. ಒಬ್ಬರು ತಟ್ಟನೆ ಸರಿದರೆ ಇನ್ನೊಬ್ಬರು ಮುಗ್ಗರಿಸುವಂತಿದ್ದರೆ ಅದು ಒರಗುವಿಕೆ. ಎಷ್ಟು ಹತ್ತಿರ ಎಂಬುದನ್ನು ಇಬ್ಬರಲ್ಲಿ ದೂರ ಬೇಕೆನ್ನುವವರು ತೀರ್ಮಾನಿಸುತ್ತಾರೆ, ಅದಕ್ಕೆ ಕಾರಣ ಕೇಳಬಾರದು. ಮೈ ಹತ್ತಿರವಿರುವುದು ಕುಣಿತದ ಭಾಷೆ. ಅದಕ್ಕೆ ಬೇರೆ ಅರ್ಥ ಹಚ್ಚುವವರಿಂದ ಎಷ್ಟೋ ಜನ ಈ ಕುಣಿತ ಬಿಟ್ಟುಹೋಗಿದ್ದಾರೆ, ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ನೆಲ, ಶೂ, ನಡವಳಿಕೆ

ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆಯನ್ನು ಇಲ್ಲಿ ಸ್ವಲ್ಪ ಬದಿಗಿಡೋಣ. ನೆಲ ನಿಜವಾಗಿಯೂ ಮುಖ್ಯ. ಮರದ ನೆಲ ಎಲ್ಲಕ್ಕಿಂತ ಒಳ್ಳೆಯದು. ಕಾಂಕ್ರೀಟಿನ ಮೇಲೆ ಗಂಟೆಗಟ್ಟಲೆ ಕುಣಿದರೆ ಮೊಣಕಾಲು ಲೆಕ್ಕ ಕೇಳುತ್ತದೆ. ಓಟದ ಶೂಗಳ ರಬ್ಬರ್ ನೆಲವನ್ನು ಕಚ್ಚಿ ಹಿಡಿಯುತ್ತದೆ. ಮೈ ತಿರುಗಿ ಪಾದ ತಿರುಗದಿದ್ದರೆ ತಿರುಚುವುದು ಮಂಡಿ. ನಯವಾದ ತಳದ, ಚಪ್ಪಟೆ, ಪಾದಕ್ಕೆ ಗಟ್ಟಿಯಾಗಿ ಕೂರುವ ಶೂ ಸಾಕು, ತೊಗಲಿನ ತಳವಿದ್ದರೆ ಇನ್ನೂ ಚೆನ್ನ.

ಎಲ್ಲರೂ ಸೇರಿ ಕುಣಿಯುವ ಸೋಶಿಯಲ್ ಡ್ಯಾನ್ಸ್‌ನಲ್ಲಿ ಯಾರು ಯಾರನ್ನಾದರೂ ಕುಣಿಯಲು ಕರೆಯಬಹುದು. ಬೇಡ ಎಂದರೆ ನಕ್ಕು ಮುಂದೆ ಹೋಗಿ. ಯಾರಿಗಾದರೂ ತಾಗಿದರೆ, ತಪ್ಪು ಯಾರದಾದರೂ, ನಿಂತು ಕ್ಷಮೆ ಕೇಳಿ. ಬೆನ್ನ ಹಿಂದೆ ಜಾಗವಿದೆಯೇ ನೋಡದೆ ಜೋಡಿಯನ್ನು ಹೊರಗೆ ಕಳಿಸಬೇಡಿ. ಕುಣಿಯುತ್ತ ಪಾಠ ಹೇಳಬೇಡಿ, ನೋವಾಗುತ್ತಿದ್ದರೆ ಮಾತ್ರ ಕೂಡಲೇ ಹೇಳಿ. ಅಂದು ನನಗೆ ಅವರು ಹೇಳಿದ್ದರೆ ಎಷ್ಟೋ ಭುಜಗಳು ಉಳಿಯುತ್ತಿದ್ದವು.

ಕಲಿಸುವವರಿಗೆ

ಒಂದು ಗಂಟೆಯ ಕ್ಲಾಸ್ ಎಂದುಕೊಳ್ಳಿ. ನಾನು ಮೊದಲ ಹತ್ತು ನಿಮಿಷ ಮಾತಿಲ್ಲದೆ ಕಳೆಯುತ್ತೇನೆ. ವೃತ್ತದಲ್ಲಿ ನಿಂತು, ಹಾಡು ಹಾಕಿ, ಮಿಡಿತ, ನಡಿಗೆ, ಒಂದೆರಡು ಜ್ಯಾಝ್ ಹೆಜ್ಜೆ, ನೋಡಿ ಮಾಡುತ್ತಾರೆ. ನಂತರ ಹೊಸದು ಒಂದೇ ಒಂದು. ಎರಡನೆಯದನ್ನು ಸೇರಿಸುವ ಆಸೆ ಪ್ರತಿ ವಾರವೂ ಬರುತ್ತದೆ, ತಡೆದುಕೊಳ್ಳಬೇಕು. ಒಂದು ವಿಷಯವನ್ನು ಮೂರು ಪದರದಲ್ಲಿ ಕೊಡಿ: ಬಾಯಲ್ಲಿ ಲಯ, ಒಂಟಿಯಾಗಿ ಹೆಜ್ಜೆ, ಆಮೇಲೆ ಜೋಡಿ. ಹೆಜ್ಜೆ ತೋರಿಸುವಾಗ ವಿದ್ಯಾರ್ಥಿಗಳಿಗೆ ಬೆನ್ನು ಮಾಡಿ ನಿಂತರೆ ಎಡಬಲದ ಗೊಂದಲ ಇರುವುದಿಲ್ಲ. ಎಣಿಕೆಗಿಂತ ಹಾಡಿ ತೋರಿಸಿ, ಕಾಲಿಗೆ ಅಂಕಿಗಿಂತ ರಾಗ ಬೇಗ ಅರ್ಥವಾಗುತ್ತದೆ.

ಎರಡು ಮೂರು ನಿಮಿಷಕ್ಕೊಮ್ಮೆ ಜೋಡಿ ಬದಲಿಸಿ. ಒಬ್ಬರ ಜೊತೆಗೇ ಕಲಿತವರಿಗೆ ಆ ಒಬ್ಬರು ಮಾತ್ರ ಬರುತ್ತಾರೆ, ಕುಣಿತ ಬರುವುದಿಲ್ಲ. ಬದಲಿಸಲು ಇಷ್ಟವಿಲ್ಲದವರು ವೃತ್ತದ ಹೊರಗೆ ನಿಲ್ಲಲಿ, ಅದನ್ನು ಮೊದಲೇ ಹೇಳಿಬಿಡಿ. ಗಂಡಸರು–ಹೆಂಗಸರು ಎನ್ನುವ ಬದಲು ಲೀಡ್–ಫಾಲೋ ಎನ್ನಿ. ತಿದ್ದುವಾಗ ‘ಭುಜ ಎತ್ತಬೇಡಿ’ ಎನ್ನುವುದಕ್ಕಿಂತ ‘ಮೊಣಕೈ ಭಾರವಾಗಲಿ’ ಎಂದು ಹೇಳಿ ನೋಡಿ. ಮಾಡಬಾರದ್ದನ್ನು ಕೇಳಿದ ಮೈ ಇನ್ನಷ್ಟು ಬಿಗಿಯುತ್ತದೆ, ಮಾಡಬೇಕಾದ್ದನ್ನು ಕೇಳಿದಾಗ ಸಡಿಲವಾಗುತ್ತದೆ.

ಒಬ್ಬರಿದ್ದರು, ತುಟಿಯಲ್ಲೇ ಎಣಿಸುತ್ತ, ಎರಡೂ ಭುಜ ಕಿವಿಯ ಹತ್ತಿರ ತಂದುಕೊಂಡು ಕುಣಿಯುತ್ತಿದ್ದರು. ಮೂರು ವಾರ ನಾನು ಹೆಜ್ಜೆಯನ್ನೇ ತಿದ್ದಿದೆ. ಏನೂ ಬದಲಾಗಲಿಲ್ಲ. ನಾಲ್ಕನೆಯ ವಾರ ಎಣಿಸುವುದನ್ನು ಬಿಡಿಸಿ, ಎರಡು ಹಾಡು ಬರೀ ಕೈ ಹಿಡಿದು ನಿಂತಲ್ಲೇ ತೂಗಿದೆವು. ಎರಡನೆಯ ಹಾಡಿನ ನಡುವೆ ಅವರ ತುಟಿ ನಿಂತಿತು. ಸ್ವಲ್ಪ ಹೊತ್ತಿಗೆ ಭುಜ ಇಳಿಯಿತು, ಬೆರಳುಗಳ ತುದಿಯಲ್ಲಿ ಮೊದಲ ಸಲ ಭಾರ ಬಂತು. ಹೆಜ್ಜೆ ಅದೇ ದಿನ ಸರಿಹೋಯಿತು.

ಈ ಕುಣಿತ ಯಾರದೆಂದು ಮೊದಲ ಕ್ಲಾಸಿನಲ್ಲೇ ಹೇಳಿ, ಎರಡು ನಿಮಿಷ ಸಾಕು. ಸವಾಯ್ 1958ರಲ್ಲಿ ಮುಚ್ಚಿತು. ಫ್ರ್ಯಾಂಕಿ ಮ್ಯಾನಿಂಗ್ ಅಂಚೆ ಇಲಾಖೆಯಲ್ಲಿ ಮೂರು ದಶಕ ಕೆಲಸ ಮಾಡಿದರು. 1980ರ ದಶಕದಲ್ಲಿ ಸ್ವೀಡನ್, ಬ್ರಿಟನ್, ಅಮೆರಿಕದ ಯುವ ನೃತ್ಯಗಾರರು ಹಳೆಯ ಫಿಲ್ಮ್‌ಗಳನ್ನು ನೋಡಿ, ಹುಡುಕಿಕೊಂಡು ಹೋಗಿ ಸವಾಯ್‌ನ ಹಳೆಯ ನೃತ್ಯಗಾರರಾದ ಆಲ್ ಮಿನ್ಸ್, ಮ್ಯಾನಿಂಗ್, ನಾರ್ಮಾ ಮಿಲ್ಲರ್ ಅವರಿಂದ ಕಲಿತರು. ಮ್ಯಾನಿಂಗ್ 2009ರಲ್ಲಿ ತೀರಿಕೊಂಡರು, ಹುಟ್ಟಿದ್ದು 1914ರ ಮೇ 26; ಆ ದಿನವನ್ನು ಲಿಂಡಿ ಹಾಪ್ ಕುಣಿಯುವವರು ಈಗ ಜಗತ್ತಿನೆಲ್ಲೆಡೆ ಆಚರಿಸುತ್ತಾರೆ. ಮಿಲ್ಲರ್ 2019ರವರೆಗೂ ಇದ್ದರು. ನಾವು ಎಣಿಸುವ ಎಂಟು ಬಂದಿರುವುದು ಇವರ ಕಾಲುಗಳಿಂದ.

ಕೊನೆಯ ಹದಿನೈದು ನಿಮಿಷ ಪಾಠ ಬೇಡ. ದೀಪ ಸ್ವಲ್ಪ ತಗ್ಗಿಸಿ, ನಾಲ್ಕು ಹಾಡು ಹಾಕಿ: ಎರಡು ಹದವಾದ ವೇಗದ್ದು, ಒಂದು ಚುರುಕಿನದು, ಕೊನೆಗೊಂದು ಬ್ಲೂಸ್. ಗೋಡೆಗೆ ಒರಗಿ ನಿಂತಿರುವ, ಎಲ್ಲರಿಗಿಂತ ಹೊಸಬರನ್ನು ನೀವೇ ಹೋಗಿ ಕರೆಯಿರಿ. ಅವರಿಗೆ ಆರೆಣಿಕೆ ಮಾತ್ರ ಬರುತ್ತಿದ್ದರೆ ಮೂರು ನಿಮಿಷವೂ ಆರೆಣಿಕೆಯನ್ನೇ ಕುಣಿಯಿರಿ.